ಮೊದಲು ಹಳ್ಳಿಗೆ ಬಸ್ ಬಿಡಿ

ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ಬಂದರೆ ಜಿಲ್ಲೆಯ ಹಣೆಬರಹವೇ ಬದಲಾಗುತ್ತದಂತೆ. ಯಾರ ಹಣೆಬರಹ? ಬೆಳಕು ಹರಿಯುವ ಮೊದಲೇ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಸೊಪ್ಪಿನ ಹೊರೆ ತರುವ ಹೆಂಗಸರದ್ದೇ? ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಗುಬ್ಬಿ, ಕುಣಿಗಲ್ ಕಡೆಯ ಊರುಗಳಿಗೆ ಮರಳಬೇಕಾದ ಹುಡುಗರದ್ದೇ? ಮೆಟ್ರೊ ಪರ ಭಾಷಣಗಳಲ್ಲಿ ಇವರ ಸುದ್ದಿಯೇ ಇಲ್ಲ.

ಲೆಕ್ಕ ಹಾಕೋಣ. ಸುಮಾರು 60 ಕಿ.ಮೀ. ಮಾರ್ಗಕ್ಕೆ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಕೆಂಬ ಅಂದಾಜಿದೆ. ಅಂದರೆ ಕಿಲೋಮೀಟರಿಗೆ 330 ಕೋಟಿಗೂ ಮೇಲೆ. ಒಂದು ಬಸ್ಸಿಗೆ ಅರ್ಧ ಕೋಟಿ ಎಂದು ಧಾರಾಳವಾಗಿ ಹಿಡಿದರೂ, ಒಂದೇ ಒಂದು ಕಿಲೋಮೀಟರ್ ಮೆಟ್ರೊ ದುಡ್ಡಿನಲ್ಲಿ 600ಕ್ಕೂ ಹೆಚ್ಚು ಬಸ್ ಕೊಳ್ಳಬಹುದು. ಮೆಟ್ರೊಗೆ ಹಾಕುವುದು ಖಾಸಗಿಯವರ ಹಣ ಎಂಬ ಸಬೂಬು ಬೇಡ. ಆ ಹಣವನ್ನು ಕೊನೆಗೆ ಟಿಕೆಟ್ಟಿನಲ್ಲೋ ತೆರಿಗೆಯಲ್ಲೋ ತುಂಬಿಕೊಡುವವರು ನಾವೇ. ಬೆಂಗಳೂರು–ತುಮಕೂರು ನಡುವೆ ಜೋಡಿ ಹಳಿ ಇದೆ, ವಿದ್ಯುದೀಕರಣವೂ ಮುಗಿದಿದೆ. ಅದರ ಮೇಲೆ ಇನ್ನಷ್ಟು ರೈಲು ಓಡಿಸಿ ಎಂದರೆ ಕಿವಿಗೊಡುವವರಿಲ್ಲ.

ಹಳ್ಳಿಗೆ ಬಸ್ ಇದೆಯಲ್ಲ ಎನ್ನುವವರು ಜನಗಣತಿಯ ಗ್ರಾಮ ಕೋಷ್ಟಕ ತೆಗೆದು ನೋಡಲಿ. ಊರಿನಲ್ಲಿ ಬಸ್ ಇಲ್ಲದಿದ್ದರೆ ಅದು ಸಿಗುವ ಜಾಗ ಎಷ್ಟು ದೂರ ಎಂದು ಅಲ್ಲಿ ಒಂದಕ್ಷರದಲ್ಲಿ ಗುರುತು ಹಾಕಿರುತ್ತಾರೆ: 5 ಕಿ.ಮೀ. ಒಳಗೆ, 5ರಿಂದ 10, ಅದಕ್ಕೂ ಆಚೆ. ಕಚೇರಿಯಲ್ಲಿ ಕೂತವರಿಗೆ ಐದು ಕಿಲೋಮೀಟರ್ ಒಳಗೆ ಎಂದರೆ ಹತ್ತಿರ. ಹುರುಳಿಕಾಯಿ ಚೀಲ ಹೊತ್ತವಳಿಗೆ, ಕತ್ತಲಲ್ಲಿ ಟ್ಯೂಷನ್ ಮುಗಿಸಿ ನಡೆಯುವ ಹುಡುಗಿಗೆ ಅದೇ ಐದು ಕಿಲೋಮೀಟರ್ ಎಷ್ಟು ದೂರ? ಇನ್ನೂ ಸಿಟ್ಟು ಬರಿಸುವ ಸಂಗತಿ ಇದೆ. ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು 2011ರ ಗಣತಿ ಕೇಳಿದ್ದು ಬೇಸಾಯ ಬಿಟ್ಟು ಬೇರೆ ಉದ್ಯೋಗದವರನ್ನು ಮಾತ್ರ. ಬೇಸಾಯಗಾರರಿಗೂ ಕೃಷಿ ಕೂಲಿಗಳಿಗೂ ಆ ಪ್ರಶ್ನೆಯೇ ಇಲ್ಲ! 2011ರಲ್ಲಿ 26,78,980 ಜನರಿದ್ದ ಜಿಲ್ಲೆ, ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಹಳ್ಳಿಯವರು. ಅವರಲ್ಲಿ ಬೇಸಾಯಗಾರರ, ಕೃಷಿ ಕೂಲಿಗಳ ಪ್ರಯಾಣ ಲೆಕ್ಕಕ್ಕೇ ಸಿಗಲಿಲ್ಲ. ಆ ಗಣತಿಯಾದರೂ ಹಳಸಿಹೋಗಿದೆ. 2021ರದ್ದು ನಡೆಯಲೇ ಇಲ್ಲ, ಮುಂದಿನದಕ್ಕೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಹದಿನಾರು ವರ್ಷದಲ್ಲಿ ಊರ ಪಕ್ಕ ಕಾರ್ಖಾನೆ ಎದ್ದವು, ಹೊಲ ಸೈಟಾದವು, ಬಾಡಿಗೆ ಮನೆಗಳಿಗೆ ಹೊರರಾಜ್ಯದವರು ಬಂದರು. ಯೋಜನೆಗಳ ಕಡತದಲ್ಲಿ ಮಾತ್ರ ಇನ್ನೂ 2011.

ಬಸ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆ ಬಳಿ, ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ ಉರುಳಿಬಿತ್ತು. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಬೇರೆ ಬಸ್ಸುಗಳಿದ್ದಿದ್ದರೆ ಆ ಮಕ್ಕಳು ಅದರಲ್ಲೇ ಜೋತು ಬೀಳುತ್ತಿದ್ದರೇ? ಅದೇ ವರ್ಷ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ, ಬೆಂಗಳೂರಿಗೆ ಹೊರಟಿದ್ದ ರಾಯಚೂರು ಕಡೆಯ ಒಂಬತ್ತು ಕೂಲಿಕಾರರು ಕ್ರೂಸರ್‌ನಲ್ಲೇ ಪ್ರಾಣಬಿಟ್ಟರು. ಪರಿಹಾರ ಘೋಷಿಸಿದರು, ಸಂತಾಪ ಹೇಳಿದರು, ಮರೆತರು.

ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. 2025ರ ಜುಲೈಗೆ 500 ಕೋಟಿ ಉಚಿತ ಪ್ರಯಾಣ ಆಗಿವೆ ಎಂದರೆ ಹೆಂಗಸರು ಎಷ್ಟು ಕಾಲ ಮನೆಯಲ್ಲೇ ಕಟ್ಟಿಬಿದ್ದಿದ್ದರೆಂದು ಅರ್ಥವಾಗುತ್ತದೆ. ಆದರೆ ಬಸ್ಸೇ ಬಾರದ ಊರಿನವಳು ಆಧಾರ್ ಕಾರ್ಡ್ ತೋರಿಸುವುದು ಯಾರಿಗೆ? ಅವಳು ಇವತ್ತಿಗೂ ಆಟೊದವನಿಗೆ ದುಡ್ಡು ತೆತ್ತೇ ಮಾರುಕಟ್ಟೆಗೆ ಬರುತ್ತಾಳೆ.

ಮೆಟ್ರೊದ ವಿಸ್ತೃತ ಯೋಜನಾ ವರದಿಗೆ ದುಡ್ಡು ಖರ್ಚಾಗುವ ಮುನ್ನ ಜಿಲ್ಲಾಡಳಿತ ಒಂದು ಪಟ್ಟಿ ಹೊರತರಲಿ: ಹತ್ತೂ ತಾಲ್ಲೂಕಿನ ಪ್ರತಿ ಹಳ್ಳಿಗೆ ಮೊದಲ ಬಸ್ ಎಷ್ಟು ಗಂಟೆಗೆ, ಕೊನೆಯ ಬಸ್ ಎಷ್ಟು ಗಂಟೆಗೆ, ಎಲ್ಲಿಗೆ ಬಸ್ಸೇ ಇಲ್ಲ. ಅದನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಮೆಟ್ರೊ ಬೇಕೆನ್ನುವ ಮಂತ್ರಿ, ಸಂಸದ, ಶಾಸಕರು ಆಮೇಲೆ ಆ ಹಳ್ಳಿಗಳಿಗೆ ಬಂದು ಮತ ಕೇಳಲಿ.