ನೆರೆಯವರ ಪಾಲು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬ ಪ್ರಸಂಗ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಇದನ್ನು ಸಾಮಾನ್ಯವಾಗಿ ಗೃಹಸ್ಥನ ಅಪರಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಹಳ್ಳಿಯ ಮಗ್ಗುಲಲ್ಲಿ ಹೊಸ ಬಡಾವಣೆ ಏಳುವ ಈ ಕಾಲದಲ್ಲಿ ಅದು ನೆರೆಹೊರೆಯ ಧರ್ಮವನ್ನೂ ಬೋಧಿಸುತ್ತದೆ.

ಬೆಂಗಳೂರಿನ ಅಂಚನ್ನೇ ನೋಡಬಹುದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರ್ 16ರಂದು. ನಡುವಿನ 17 ವರ್ಷಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಅವುಗಳ ಆಳದ ಕೊಳವೆಬಾವಿಗಳು ನೀರೆತ್ತಿದಂತೆ ನೆರೆಯ ಬಾವಿಗಳು ಬತ್ತಿದವು. ರಾಜಕಾಲುವೆಗಳಲ್ಲಿ ಮಳೆನೀರಿಗೆ ಬದಲು ಕೊಳಚೆ ಹರಿಯಿತು. ಹಿಂದೆ ಹೊಲಗದ್ದೆಗಳಿಗೆ ನೀರುಣಿಸಿದ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರೇ ಉರಿದ ಈ ದೃಶ್ಯ ಯಾವ ಪ್ರವಚನಕ್ಕಿಂತಲೂ ಕಠೋರವಾದ ಪಾಠವಾಗಿದೆ.

ಭೂಮಿಯನ್ನು ಮಾರಿದವರು ಹಳ್ಳಿಗರೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದು ನಿರಾಧಾರವಲ್ಲ. ಹೊಲ ಮಾರಿದವನಿಗೆ ಹೊಲದ ಬೆಲೆ ಸಂದಿದೆ. ಆದರೆ ಕೆರೆ, ಗುಂಡುತೋಪು, ಗೋಮಾಳ, ಸ್ಮಶಾನಕ್ಕೆ ಹೋಗುವ ದಾರಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಅವುಗಳನ್ನು ಯಾರೂ ಮಾರಿಲ್ಲ. ಕುರಿ ಕಾಯುವವನಿಗೆ, ಕೂಲಿಯವಳಿಗೆ, ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿಗೆ ಕ್ರಯಪತ್ರದಿಂದ ಒಂದು ಕಾಸೂ ದೊರೆಯಲಿಲ್ಲ. ಅವರು ಕಳೆದುಕೊಂಡುದಕ್ಕೆ ಲೆಕ್ಕವನ್ನಿಟ್ಟವರಿಲ್ಲ.

ಊರಹಬ್ಬಕ್ಕೆ ಚಂದಾ ಕೊಡುವುದು, ಶಾಲೆಯ ಗೋಡೆಗೆ ಬಣ್ಣ ಬಳಿಸುವುದು ಒಳ್ಳೆಯ ಕಾರ್ಯಗಳೇ. ಆದರೆ ಹೆಚ್ಚಾಗಿ ತೆಗೆದುಕೊಂಡುದನ್ನು ಇಟ್ಟುಕೊಂಡೇ ಅದರಲ್ಲಿ ಒಂದು ಹಿಡಿ ಹಂಚುವುದು ಗೌರವವೆನಿಸದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಮೇಲು ಕೀಳೆಂಬುದೇ ಇಲ್ಲ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ದಾನ ಮಾಡಲು ಹೇಳಲಿಲ್ಲ, ಹಿಂದಿರುಗಿಸಲು ಹೇಳಿದರು ಎಂಬುದು ಇಲ್ಲಿ ಗಮನಾರ್ಹ.

ಗೌರವದ ಮೊದಲ ಲಕ್ಷಣ ಮುಂಚಿತವಾಗಿ ಕೇಳುವುದು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಶೇ. 80ರಷ್ಟು ಬಾಧಿತ ಕುಟುಂಬಗಳ ಸಮ್ಮತಿಯನ್ನು ವಿಧಿಸಿದೆ. ಕೇಳದೆ ಹೊರಟರೆ ಏನಾಗುವುದೆಂಬುದನ್ನು ದೇವನಹಳ್ಳಿ ತೋರಿಸಿತು. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಗಳಿಗೂ ಮಿಕ್ಕಿ ಹೋರಾಡಿದ ಬಳಿಕ, 2025ರ ಜುಲೈ 15ರಂದು 1,777 ಎಕರೆಗಳ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿತು.

ಆದುದರಿಂದ ಬೇಲಿ ಹಾಕುವ ಮುನ್ನ ಊರಿನ ಹಿರಿಯರೊಡನೆ ನೆಲವನ್ನು ನಡೆದು ನೋಡಬೇಕು. ಕಾಲುವೆ ಎಲ್ಲಿದೆ, ಬಂಡಿದಾರಿ ಎಲ್ಲಿದೆ ಎಂದು ಅವರ ಬಾಯಿಂದಲೇ ತಿಳಿಯಬೇಕು. ಎತ್ತುವ ನೀರಿಗೆ ಮಿತಿಯಿರಬೇಕು, ಬಿದ್ದ ಮಳೆ ನೆಲಕ್ಕೆ ಇಂಗಬೇಕು, ಕೊಳಚೆ ಶುದ್ಧಿಯಾಗದೆ ಹೊರಗೆ ಹರಿಯಕೂಡದು. ಪಕ್ಕದ ಹಳ್ಳಿಯಿಂದ ಮನೆಗೆಲಸಕ್ಕೆ ಬರುವ ತಾಯಿಗೆ ಬೇರೆ ಲಿಫ್ಟ್ ತೋರಿಸುವ ಕಟ್ಟಡದಲ್ಲಿ ಕಾಯಕದ ಘನತೆಯನ್ನು ಕುರಿತು ಮಾತನಾಡುವುದು ವ್ಯರ್ಥ. ಹೊಸಬರಲ್ಲಿ ಅನೇಕರು ಸಾಲ ಮಾಡಿ ಮನೆ ಕೊಂಡವರು, ಟ್ಯಾಂಕರ್ ನೀರಿಗೆ ಕಾಯುವವರು. ಹಳ್ಳಿಯ ಬವಣೆ ಅವರಿಗೆ ಅಪರಿಚಿತವಲ್ಲ. ಕೆರೆ ತುಂಬಿದರೆ ಇಬ್ಬರ ಬಾವಿಗಳಲ್ಲೂ ನೀರು ಏರುತ್ತದೆ. ಆ ಕೆರೆಯ ಏರಿಯ ಮೇಲೆ ಇಬ್ಬರೂ ಸರಿಸಮರಾಗಿ ಕುಳಿತು ಮಾತನಾಡುವುದರಿಂದಲೇ ನೆರೆತನ ಆರಂಭವಾಗಬೇಕು.