ಸಾವಿನ ತೀರ್ಮಾನ ಬಿಲ್ಲಿನ ಕೈಗೆ ಬೇಡ

ಹಳದೀಪುರದಿಂದ ಮುಂಬಯಿಗೆ ಹೋದ ನರ್ಸ್ ಅರುಣಾ ಶಾನಭಾಗ 1973ರಲ್ಲಿ ಹಲ್ಲೆಗೀಡಾಗಿ, 2015ರಲ್ಲಿ ಕೊನೆಯುಸಿರೆಳೆಯುವ ತನಕ ಆಸ್ಪತ್ರೆ ಮಂಚದಲ್ಲೇ ಇದ್ದರು. ಅವರ ಪ್ರಕರಣದಿಂದ ದೊಡ್ಡದಾದ ದಯಾಮರಣದ ಚರ್ಚೆಗೆ 2018ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು: ಗೌರವದಿಂದ ಸಾಯುವುದೂ ಹಕ್ಕು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಆದೇಶ ಹೊರಡಿಸಿತು.

ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ. ಗುಣವಾಗದ ರೋಗಿಗೆ ಫಲವಿಲ್ಲದ ಚಿಕಿತ್ಸೆ ನಿಲ್ಲಿಸಲು ಮಾತ್ರ ಅವಕಾಶ. ಅದಕ್ಕೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು.

ಆದರೆ ಊರಲ್ಲಿ ಆಗ್ತಿರೋದೇನು? ದುಡ್ಡು ಮುಗಿದ ದಿನ ರೋಗಿ ಮನೆಗೆ. ದುಡ್ಡಿದ್ದರೆ, ‘ಜನ ಏನಂದಾರು’ ಅನ್ನೋ ಅಂಜಿಕೆಗೆ ಯಂತ್ರ ಓಡುತ್ತಲೇ ಇರುತ್ತದೆ. ಎರಡು ಕಡೆಯೂ ರೋಗಿಗೆ ಏನು ಬೇಕಿತ್ತು ಅಂತ ಕೇಳೋರಿಲ್ಲ.

ಬುದ್ಧಿ ನೆಟ್ಟಗಿರುವಾಗಲೇ ತಮ್ಮ ಇಚ್ಛೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಡಬಹುದು. 2023ರಲ್ಲಿ ಕೋರ್ಟೇ ಹೀಗೆ ಸರಳ ಮಾಡಿದೆ. ಇದನ್ನು ಆರೋಗ್ಯ ಇಲಾಖೆ ಪ್ರತಿ ಆಸ್ಪತ್ರೆ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ನೋವು ತಗ್ಗಿಸುವ ಮದ್ದು ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಲಿ. ಬಡವ ಚಿಕಿತ್ಸೆಗೆ ದುಡ್ಡಿಲ್ಲದೆ ಸತ್ತರೆ ಅದಕ್ಕೆ ದಯಾಮರಣ ಅಂತ ಯಾರೂ ಹೆಸರಿಡಬಾರದು.