ಮಗುವಿನ ಬಾಯಲ್ಲಿ ಬಂದ ದೇವರು

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ ಊರಲ್ಲಿ ಮಕ್ಕಳು ಗೋಲಿಯಾಡುವ ಜಾಗದ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು, ದೇವರ ಹೆಸರುಗಳು ಧಾರಾಳವಾಗಿ ಕಿವಿಗೆ ಬೀಳುತ್ತವೆ. ಗುರಿ ತಪ್ಪಿದರೆ ‘ಅಯ್ಯೋ ಶಿವನೇ’. ಮೋಸದಾಟ ಆಡಿಲ್ಲ ಎನ್ನುವುದಕ್ಕೆ ‘ದೇವ್ರಾಣೆ’. ಅಷ್ಟಕ್ಕೂ ನಂಬದಿದ್ದರೆ ‘ಅಲ್ಲಾ ಕಸಮ್’. ಬಿದ್ದು ಮಂಡಿ ತರಚಿದರೆ ‘ಯವ್ವಾ’ ಅಥವಾ ‘ಯಾ ಅಲ್ಲಾ’. ದಖನಿ ಉರ್ದು ಆಡುವ ಮನೆಗಳೂ ಕನ್ನಡ ಆಡುವ ಮನೆಗಳೂ ಗೋಡೆಗೆ ಗೋಡೆ ತಾಗಿಸಿಕೊಂಡು ಇರುವ ಕಡೆ ಯಾವ ಮಗು ಯಾವುದನ್ನು ಹೇಳಿತೆಂದು ಆಟದಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಲೆಕ್ಕ ಶುರುವಾಗುವುದು ಆ ಮಾತು ಹೊಸ್ತಿಲು ದಾಟಿ ಮನೆಯೊಳಗೆ ಬಂದಾಗ.

ಹಿಂದೂ ಮನೆಯ ಹುಡುಗ ಊಟಕ್ಕೆ ಕೂತು ‘ಅಲ್ಲಾ ಕಸಮ್ ಅಜ್ಜಿ, ನಾನು ಹೊಡೆದಿಲ್ಲ’ ಅಂದರೆ ಬಡಿಸುವ ಕೈ ನಿಲ್ಲುತ್ತದೆ. ಮುಸ್ಲಿಂ ಮನೆಯ ಹುಡುಗಿ ಹಾಲುಕ್ಕಿದ್ದು ನೋಡಿ ‘ಅಯ್ಯೋ ರಾಮ’ ಅಂದರೆ ಅಬ್ಬಾನ ಮುಖ ಗಂಭೀರವಾಗುತ್ತದೆ. ಈ ಗಾಬರಿಯನ್ನು ನಾನು ಹಗುರವಾಗಿ ಕಾಣಲಾರೆ. ದೇವರನ್ನು ಬಿಟ್ಟು ಬೇರಾರ ಮೇಲೂ ಆಣೆ ಇಡಬಾರದೆಂಬುದು ಇಸ್ಲಾಮಿನ ಸ್ಪಷ್ಟ ಕಟ್ಟಳೆ. ಹೆತ್ತವರ ಮೇಲೆ ಆಣೆ ಇಡುವುದಕ್ಕೂ ಹದೀಸಿನಲ್ಲಿ ತಡೆಯಿದೆ. ಹಾಗಾಗಿ ನಾವೆಲ್ಲ ಸಲೀಸಾಗಿ ಆಡುವ ‘ಅಮ್ಮನಾಣೆ’ಯೂ ಆ ಮನೆಯಲ್ಲಿ ತಪ್ಪೇ. ಯೆಹೂದಿಗಳೂ ಕ್ರೈಸ್ತರೂ ಪಾಲಿಸುವ ಹತ್ತು ಆಜ್ಞೆಗಳಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದೂ ಒಂದು. ಇಂಗ್ಲೆಂಡಿನಲ್ಲಿ 1606ರ ಕಾಯಿದೆಯೊಂದು, ನಾಟಕದಲ್ಲಿ ದೇವರ ಹೆಸರನ್ನು ತಮಾಷೆಗೆ ಬಳಸಿದವರಿಗೆ 10 ಪೌಂಡ್ ದಂಡ ಹಾಕಿತ್ತು. ಹೆಸರು ಪವಿತ್ರ ಎಂದು ನಂಬಿದವರಿಗೆ ಅದು ಬಾಯಿಗೆ ಬಂದಂತೆ ಬಳಕೆಯಾದಾಗ ನೋವಾಗುವುದು ನಿಜ. ‘ನಮ್ಮನೇಲಿ ಹಂಗನ್ನಬಾರದು ಕಂದಾ’ ಎಂದು ತಮ್ಮ ಮಗುವಿಗೆ ತಿಳಿಹೇಳುವ ಹಕ್ಕು ಪ್ರತಿ ತಂದೆತಾಯಿಗೂ ಇದೆ.

ಆದರೆ ಆ ಹಕ್ಕು ಅವರ ಹೊಸ್ತಿಲಿನ ತನಕ. ಪಕ್ಕದ ಮನೆಯ ಮಗು ಏನಂದಿತೆಂದು ಶಾಲೆಗೆ ದೂರು ಒಯ್ಯುವವರು, ನಮ್ಮ ಧರ್ಮಕ್ಕೆ ಅವಮಾನವಾಯಿತು ಎನ್ನುವವರು, ಮಕ್ಕಳ ವಿಷಯದಲ್ಲಿ ತಮ್ಮ ಧರ್ಮವೇ ಏನು ಹೇಳಿದೆಯೆಂದು ಒಮ್ಮೆ ತಿರುಗಿ ನೋಡಬೇಕು.

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನ ಕಥೆಯಿದೆ. ಮೌನವ್ರತದಲ್ಲಿದ್ದ ಆ ಋಷಿಯ ಆಶ್ರಮದಲ್ಲಿ ಕಳ್ಳರು ಅಡಗಿಕೊಂಡರು. ರಾಜ ಅವರ ಜೊತೆಗೆ ಇವನನ್ನೂ ಶೂಲಕ್ಕೇರಿಸಿದ. ತಪಸ್ಸಿನ ಬಲದಿಂದ ಜೀವ ಉಳಿಯಿತು, ಶೂಲದ ಮೊನೆ ಮಾತ್ರ ಮೈಯಲ್ಲೇ ಉಳಿದು ಅವನು ಅಣಿಮಾಂಡವ್ಯನಾದ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಧರ್ಮದೇವತೆಯನ್ನೇ ಕೇಳಿದಾಗ, ಬಾಲ್ಯದಲ್ಲಿ ನೀನು ಪುಟ್ಟ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬಂತು. ಋಷಿ ಆ ನ್ಯಾಯವನ್ನು ಒಪ್ಪಲಿಲ್ಲ. ಅರಿಯದ ವಯಸ್ಸಿನ ತಪ್ಪಿಗೆ ಇಂಥ ದಂಡನೆ ಕೊಟ್ಟ ಧರ್ಮನೇ ಮನುಷ್ಯನಾಗಿ ಹುಟ್ಟಲಿ ಎಂದು ಶಪಿಸಿದ, ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಪಾಪವಾಗದು ಎಂದು ಎಲ್ಲೆ ಹಾಕಿದ. ಆ ಶಾಪದಿಂದ ಹುಟ್ಟಿದವನೇ ವಿದುರ. ಮಗುವನ್ನು ದೊಡ್ಡವರ ತಕ್ಕಡಿಯಲ್ಲಿ ತೂಗಿದ್ದಕ್ಕೆ ಧರ್ಮದೇವತೆಯೇ ಭೂಮಿಗಿಳಿದು ಬೆಲೆ ತೆರಬೇಕಾಯಿತು ಎನ್ನುವ ಈ ಕಥೆಯನ್ನು, ಧರ್ಮ ಕಾಯುತ್ತೇವೆಂದು ಹೊರಟವರು ನೆನೆಯದೆ ಇರುವುದು ನನಗೆ ದುಃಖದ ಸಂಗತಿ. ಗೌತಮ ಧರ್ಮಸೂತ್ರವಂತೂ ಉಪನಯನಕ್ಕೆ ಮೊದಲು ಮಗುವಿನ ನಡೆಗೂ ನುಡಿಗೂ ತಿನ್ನುವುದಕ್ಕೂ ಕಟ್ಟುಪಾಡು ಇಲ್ಲವೆಂದಿದೆ. ಭಾಗವತದ ಅಜಾಮಿಳ ಸಾಯುವ ಹೊತ್ತಿಗೆ ಕರೆದದ್ದು ತನ್ನ ಮಗ ನಾರಾಯಣನನ್ನು. ಯಾರನ್ನು ಕರೆದೆ ಎಂದು ಅಲ್ಲಿ ದೇವರು ತಕರಾರು ತೆಗೆಯಲಿಲ್ಲ.

ಇಸ್ಲಾಮಿನಲ್ಲೂ ಈ ಔದಾರ್ಯ ಇದೆ. ಪ್ರೌಢನಾಗುವವರೆಗೆ ಮಗುವಿನ ಲೆಕ್ಕ ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂಬ ಹದೀಸ್ ಮದರಸಾಗಳಲ್ಲಿ ಪರಿಚಿತವಾದದ್ದೇ. ಕುರ್‌ಆನಿನ ಎರಡನೆಯ ಅಧ್ಯಾಯದ 225ನೆಯ ವಚನದ ಪ್ರಕಾರ, ಬಾಯಿಗೆ ಬಂದು ಹೋದ ಆಣೆಗೆ ದೇವರು ಲೆಕ್ಕ ಕೇಳುವುದಿಲ್ಲ, ಮನಸ್ಸು ಗಳಿಸಿಕೊಂಡದ್ದಕ್ಕೆ ಕೇಳುತ್ತಾನೆ. ಇದು ದೊಡ್ಡವರಿಗೇ ಕೊಟ್ಟ ವಿನಾಯಿತಿ. ಹೀಗಿರುವಾಗ ಗೋಲಿಯಾಟದ ಹುಡುಗನ ಮಾತಿಗೆ ಯಾರು ಲೆಕ್ಕ ಕೇಳಬೇಕು?

ಕಾನೂನೂ ಇದೇ ದಾರಿ ಹಿಡಿದಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವೆ ಆ ಮಗುವಿನ ತಿಳಿವಳಿಕೆ ಎಷ್ಟೆಂದು ನೋಡಬೇಕು. ಧಾರ್ಮಿಕ ಭಾವನೆಗೆ ಧಕ್ಕೆ ಎಂದೊಡನೆ ಎಲ್ಲರ ಬಾಯಿಗೆ ಬರುವ 295ಎ ಕಲಂ ಹಳೆಯ ದಂಡ ಸಂಹಿತೆಗೆ ಸೇರಿದ್ದು 1927ರಲ್ಲಿ. ಉದ್ದೇಶಪೂರ್ವಕ ದುರುದ್ದೇಶ ಇಲ್ಲದೆ, ಅರಿಯದೆ ಅಥವಾ ಅಜಾಗರೂಕತೆಯಿಂದ ಆಡಿದ್ದು ಅದರಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತು.

ಇಷ್ಟಿದ್ದೂ ಬೀದರಿನಲ್ಲಿ ಏನಾಯಿತು? 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯಿದೆಯ ಬಗ್ಗೆ ಪುಟ್ಟ ನಾಟಕವಾಡಿದರು. ಅದರ ವಿಡಿಯೊ ಹರಡಿತು, ದೂರು ಬಂತು, ರಾಜದ್ರೋಹದ ಜೊತೆಗೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದ ಕಲಮೂ ಬಿತ್ತು. ಮುಖ್ಯೋಪಾಧ್ಯಾಯಿನಿಯೂ ಒಂದು ಮಗುವಿನ ತಾಯಿಯೂ ಬಂಧನಕ್ಕೊಳಗಾದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಹಿಡಿದು ಮಕ್ಕಳ ವಿಚಾರಣೆ ಮಾಡಿದ್ದು ಮೇಲ್ನೋಟಕ್ಕೆ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆಯೆಂದು ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ನಾಟಕ ಧರ್ಮದ ಉದ್ಗಾರವಲ್ಲ ನಿಜ. ಆದರೆ ಮಗುವಿನ ಮಾತನ್ನು ದೊಡ್ಡವರ ಕಿವಿಯಿಂದ ಕೇಳುವ ಚಾಳಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಾಗೆಂದು ದೇವರ ಹೆಸರು ಯಾರನ್ನೂ ಎಂದೂ ನೋಯಿಸದು ಎಂದು ನಾನು ವಾದಿಸುವುದಿಲ್ಲ. ಕಡಬದ ಐತ್ತೂರಿನ ಮಸೀದಿಯೊಳಗೆ 2023ರಲ್ಲಿ ರಾತ್ರಿ ಹೊತ್ತು ಜೈ ಶ್ರೀರಾಮ್ ಎಂದು ಕೂಗಿದರೆಂಬ ಆರೋಪದ ಮೊಕದ್ದಮೆಯನ್ನು ಹೈಕೋರ್ಟ್ ಮರುವರ್ಷ ರದ್ದು ಮಾಡಿತು. ಕಾನೂನಿನ ಕಣ್ಣಿಗೆ ಅಪರಾಧವಾಗದಿರಬಹುದು. ಇನ್ನೊಬ್ಬರ ಪ್ರಾರ್ಥನೆಯ ಮನೆಗೆ ರಾತ್ರಿ ಹೋಗಿ ಕೂಗುವುದು ನೆರೆಹೊರೆಯ ನಡವಳಿಕೆ ಅಲ್ಲವೇ ಅಲ್ಲ. 2022ರ ಫೆಬ್ರುವರಿಯ ಹಿಜಾಬ್ ವಿವಾದದಲ್ಲಿ ಮಂಡ್ಯದ ಕಾಲೇಜೊಂದರ ಅಂಗಳದಲ್ಲಿ ಗುಂಪೊಂದು ರಾಮನ ಹೆಸರು ಕೂಗುತ್ತ ಒಬ್ಬ ಹುಡುಗಿಯನ್ನು ಸುತ್ತುವರಿಯಿತು. ಅವಳು ಅಲ್ಲಾಹು ಅಕ್ಬರ್ ಎಂದು ಕೂಗಿ ಉತ್ತರ ಕೊಟ್ಟಳು. ದೇಶವೆಲ್ಲ ಅದನ್ನು ಮೊಬೈಲಿನಲ್ಲಿ ನೋಡಿತು, ಮಕ್ಕಳೂ ನೋಡಿದರು. ಹಾಲುಕ್ಕಿದಾಗ ಬರುವ ‘ರಾಮ’ನನ್ನೂ ಮಂಡಿ ತರಚಿದಾಗ ಬರುವ ‘ಅಲ್ಲಾ’ನನ್ನೂ ನಾವು ಅನುಮಾನದಿಂದ ಕೇಳತೊಡಗಿದ್ದರೆ, ಆ ಅನುಮಾನವನ್ನು ತಂದುಕೊಟ್ಟವರು ದೊಡ್ಡವರು.

ಮಗು ಘೋಷಣೆಯನ್ನೂ ಕಲಿಯುತ್ತದೆ. ಸಹಪಾಠಿಯನ್ನು ಕೆಣಕಲೆಂದೇ ಅವನ ಮುಂದೆ ನಿಂತು ಕೂಗಿದರೆ ತಿದ್ದಲೇಬೇಕು, ತರಗತಿಯಲ್ಲೇ, ಮೆಲ್ಲಗೆ: ‘ನೀನು ಹೇಳಿದ ಹೆಸರು ತಪ್ಪಲ್ಲ, ಅವನನ್ನು ಅಳಿಸಬೇಕೂಂತ ಹೇಳಿದ್ದು ತಪ್ಪು’. ಇದನ್ನು ಮಗು ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತದೆ. ಬಾಯಿತಪ್ಪಿ ಬಂದ ಉದ್ಗಾರಕ್ಕೆ ಅಷ್ಟೂ ಬೇಡ. ಪ್ರಾರ್ಥನೆಯ ಹೊತ್ತಿಗೆ ಹೆಸರು ಕೂಗಿ ನಿಲ್ಲಿಸುವುದು ಬೇಡ, ಎಸ್‌ಡಿಎಂಸಿ ಸಭೆಯಲ್ಲಿ ಚರ್ಚೆ ಬೇಡ, ಕ್ಷಮಾಪಣೆ ಪತ್ರ ಬರೆಸುವುದಂತೂ ಬೇಡವೇ ಬೇಡ. ಯಾರಾದರೂ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರೆ ಮೇಷ್ಟ್ರು ಮಾಡಬೇಕಾದ ಮೊದಲ ಕೆಲಸ ಅದನ್ನು ಎದುರಿಗೇ ಅಳಿಸಿಸುವುದು. ಬೀದರಿನ ಆ ತಾಯಿ ಜೈಲಿಗೆ ಹೋಗುವ ದಾರಿ ಶುರುವಾದದ್ದು ಒಂದು ವಿಡಿಯೊದಿಂದ.